ಚೇಳಿನ ಚುಕ್ಕಿ ನೋಡಿ ಬಿತ್ತುವ ಊರು

ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಉತ್ತರ ತುದಿಯ ಅಚೇಹ್ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ 2004ರ ಡಿಸೆಂಬರ್ 26ರ ಸುನಾಮಿ ನೆನಪಾಗುತ್ತದೆ. ಅಲೆ ಬಡಿದದ್ದು ಕರಾವಳಿಗೆ. ಕಡಲಿನಿಂದ ಒಳಗೆ, ಕ್ರುಎಂಗ್ ಅಚೇಹ್ ಹೊಳೆಯ ಎರಡೂ ದಡದಲ್ಲಿ ಭತ್ತ ಬೆಳೆಯುವ ನೂರಾರು ಸಣ್ಣ ಊರುಗಳಿವೆ. ಊರಿಗೆ ಅಲ್ಲಿ ಗಂಪೊಂಗ್ ಎನ್ನುತ್ತಾರೆ. ಇಡೀ ಅಚೇಹ್ ಪ್ರಾಂತ್ಯದಲ್ಲಿ 6,400ಕ್ಕೂ ಹೆಚ್ಚು ಗಂಪೊಂಗ್‌ಗಳಿವೆ. ನಾನು ಬರೆಯುತ್ತಿರುವುದು ಅಚೇಹ್ ಬೆಸಾರ್ ಜಿಲ್ಲೆಯ ಇಂದ್ರಪುರಿ, ಸೆಲಿಮಿಯುಂ ಸುತ್ತಿನ ಭತ್ತದ ಬಯಲಿನ ಊರುಗಳ ಬಗ್ಗೆ. ಒಂದು ಬದಿಗೆ ಸೆಲಾವಾ ಅಗಾಮ್ ಜ್ವಾಲಾಮುಖಿ, ಇನ್ನೊಂದು ಬದಿಗೆ ಬುಕಿತ್ ಬಾರಿಸಾನ್ ಬೆಟ್ಟಸಾಲು, ನಡುವೆ ಗದ್ದೆ. ರಾಜಧಾನಿ ಬಂದಾ ಅಚೇಹ್‌ನಿಂದ ಇಂದ್ರಪುರಿಗೆ ಸುಮಾರು 25 ಕಿಲೋಮೀಟರ್. ಅಲ್ಲಿ ಹೊಳೆಯ ದಡದಲ್ಲಿ, ಇಸ್ಲಾಂ ಬರುವುದಕ್ಕೆ ಮುಂಚಿನ ಕಟ್ಟಡವೊಂದರ ಕಲ್ಲಿನ ಜಗಲಿಯ ಮೇಲೆ, ಮರದ ಕಂಬಗಳ ಹಳೆಯ ಮಸೀದಿ ಇವತ್ತಿಗೂ ನಿಂತಿದೆ.

ಇಂಥ ಊರು ನೋಡಲು ಹೇಗಿರುತ್ತದೆ? ಸ್ವಲ್ಪ ಎತ್ತರದ ನೆಲದಲ್ಲಿ ತೆಂಗು, ಅಡಿಕೆ, ಹಲಸು, ಬಾಳೆಗಳ ನಡುವೆ ಮನೆಗಳು. ತೋಟದ ಅಂಚು ದಾಟಿದರೆ ಗದ್ದೆ ಬಯಲು. ಬಯಲಿಗೆ ಬ್ಲಾಂಗ್ ಎನ್ನುತ್ತಾರೆ. ಊರ ನಡುವೆ ಮೆನಸಾ ಎಂಬ ಕಟ್ಟೋಣ. ನಮಾಜು, ಮಕ್ಕಳ ಕುರಾನ್ ಪಾಠ, ಊರ ಸಭೆ, ಜಗಳದ ಪಂಚಾಯಿತಿ, ಹಬ್ಬದ ಊಟ ಎಲ್ಲ ಅಲ್ಲೇ. ಹಿಂದೆ ಪ್ರಾಯಕ್ಕೆ ಬಂದ ಹುಡುಗರು ರಾತ್ರಿ ಮಲಗುತ್ತಿದ್ದದ್ದೂ ಅಲ್ಲೇ. ಶುಕ್ರವಾರದ ನಮಾಜಿಗೆ ಮಾತ್ರ ಮಸೀದಿಗೆ ಹೋಗುತ್ತಾರೆ. ಮಸೀದಿ ಪ್ರತಿ ಊರಿಗೊಂದು ಇರುವುದಿಲ್ಲ, ಕೆಲವು ಗಂಪೊಂಗ್‌ಗಳು ಸೇರಿದ ಮುಕಿಮ್‌ಗೆ ಒಂದು. ಅವರು ಪಾಲಿಸುವ ಶಾಫಿ ಪಂಥದ ಪ್ರಕಾರ ಶುಕ್ರವಾರದ ನಮಾಜಿಗೆ ಕಡೇಪಕ್ಷ 40 ಗಂಡಸರು ಬೇಕು. ಸಣ್ಣ ಊರಿಗೆ ಅಷ್ಟು ಜನ ಹೊಂದುವುದು ಕಷ್ಟ.

ಊರ ಯಜಮಾನನಿಗೆ ಕೆಚಿಕ್ ಎನ್ನುತ್ತಾರೆ. ಅವನ ಜತೆ ತುಹಾ ಪೆಟ್ ಎಂಬ ಹಿರಿಯರ ಮಂಡಳಿ, ಧರ್ಮದ ವಿಷಯಕ್ಕೆ ಮೆನಸಾದ ಇಮಾಮ. 1979ರಲ್ಲಿ ಇಂಡೋನೇಷ್ಯಾ ಸರ್ಕಾರ ದೇಶದ ಎಲ್ಲ ಹಳ್ಳಿಗಳಿಗೂ ಒಂದೇ ಅಚ್ಚಿನ ಆಡಳಿತ ತಂದಾಗ ಈ ಹಳೆಯ ಹುದ್ದೆಗಳು ಸೊರಗಿದವು. 2003ರಲ್ಲಿ ಮುಕಿಮ್ ಮತ್ತು ಗಂಪೊಂಗ್ ಬಗ್ಗೆ ಪ್ರಾಂತ್ಯದ ಕಾನೂನುಗಳು ಬಂದವು. 2005ರ ಆಗಸ್ಟ್ 15ರಂದು ಹೆಲ್ಸಿಂಕಿಯಲ್ಲಿ ಶಾಂತಿ ಒಪ್ಪಂದವಾಗಿ ದಶಕಗಳ ಸಶಸ್ತ್ರ ಸಂಘರ್ಷ ಮುಗಿದ ಮೇಲೆ, 2006ರ ಅಚೇಹ್ ಆಡಳಿತ ಕಾಯ್ದೆ ಇವಕ್ಕೆ ಇನ್ನಷ್ಟು ಬಲ ಕೊಟ್ಟಿತು. 2008ರ ಕಾನೂನು 18 ಬಗೆಯ ತಂಟೆಗಳನ್ನು ಮೊದಲು ಊರಲ್ಲೇ ಬಗೆಹರಿಸಿಕೊಳ್ಳಲು ಅವಕಾಶ ಕೊಡುತ್ತದೆ. ಮನೆಯೊಳಗಿನ ಜಗಳ, ಆಸ್ತಿ ಪಾಲು, ಸಣ್ಣ ಕಳ್ಳತನ, ದನ ಗದ್ದೆಗೆ ನುಗ್ಗಿದ್ದು ಎಲ್ಲ ಆ ಪಟ್ಟಿಯಲ್ಲಿವೆ.

ಇವರೆಲ್ಲರಿಗಿಂತ ನನಗೆ ಹೆಚ್ಚು ಮುಖ್ಯ ಎನಿಸುವ ಮನುಷ್ಯ ಕೆಜ್ರುವೆನ್ ಬ್ಲಾಂಗ್, ಅಂದರೆ ಬಯಲಿನ ಯಜಮಾನ. ನಮ್ಮ ಕೆರೆ ಬಯಲಿನ ಊರುಗಳಲ್ಲಿ ನೀರುಗಂಟಿ ಮಾಡುತ್ತಿದ್ದ ಕೆಲಸವನ್ನು ಇವನು ಮಾಡುತ್ತಾನೆ, ಆದರೆ ಅಧಿಕಾರ ಅದಕ್ಕಿಂತ ದೊಡ್ಡದು. ಕಾಲುವೆ ಹೂಳು ತೆಗೆಯಲು ಮನೆಗೊಂದಾಳು ಕರೆಸುವುದು, ಯಾವ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ತೀರ್ಮಾನಿಸುವುದು, ನೀರಿನ ಜಗಳ ಬಿಡಿಸುವುದು ಅವನ ಕೆಲಸ. ಎಲ್ಲಕ್ಕಿಂತ ದೊಡ್ಡದು, ಬಯಲಿಗೆ ಇಳಿಯುವ ದಿನ ಗೊತ್ತುಮಾಡುವುದು. ಕೊಯ್ಲಿನ ಮೇಲೆ ಗದ್ದೆಯವರು ಅವನಿಗೆ ಭತ್ತ ಅಳೆದು ಕೊಡುತ್ತಾರೆ.

ದಿನ ಗೊತ್ತುಮಾಡುವುದು ಇಷ್ಟು ದೊಡ್ಡ ವಿಷಯ ಯಾಕೆ? ಎಲ್ಲರೂ ಒಟ್ಟಿಗೆ ನಾಟಿ ಮಾಡದಿದ್ದರೆ ಬೆಳೆ ಉಳಿಯದು. ಒಬ್ಬ ಹದಿನೈದು ದಿನ ಮುಂಚೆ ನೆಟ್ಟರೆ ಅವನ ತೆನೆ ಮೊದಲು ಹಾಲುಗಟ್ಟುತ್ತದೆ, ಬಯಲಿನ ಹಕ್ಕಿಗಳೆಲ್ಲ ಅಲ್ಲಿಗೇ ಇಳಿಯುತ್ತವೆ. ಒಬ್ಬ ತಡಮಾಡಿದರೆ ಉಳಿದ ಗದ್ದೆ ಕೊಯ್ಲಾದ ಮೇಲೆ ಇಲಿ, ಕಾಂಡಕೊರಕ, ಕಂದು ಜಿಗಿಹುಳು, ತೆನೆಯ ಹಾಲು ಹೀರುವ ತಿಗಣೆ ಎಲ್ಲಕ್ಕೂ ಅವನದೊಂದೇ ಗದ್ದೆ ಸಿಗುತ್ತದೆ. ಅವನ ಬೆಳೆಯಲ್ಲಿ ಹೊಟ್ಟೆ ತುಂಬಿಸಿಕೊಂಡ ಹುಳ ಮುಂದಿನ ಹಂಗಾಮಿಗೆ ಇಡೀ ಬಯಲಿಗೆ ಬರುತ್ತದೆ. ಜತೆಗೆ ನೀರಿನ ಪಾಳಿಯೂ ಕೆಡುತ್ತದೆ. ಒಬ್ಬನಿಗೆ ಗದ್ದೆ ಒಣಗಿಸುವ ಹೊತ್ತು, ಪಕ್ಕದವನಿಗೆ ನೀರು ನಿಲ್ಲಿಸುವ ಹೊತ್ತು.

ಇನ್ನು ದಿನ ಗೊತ್ತುಮಾಡುವ ಲೆಕ್ಕ. ಚಂದ್ರನ ಲೆಕ್ಕದ ಮುಸ್ಲಿಂ ವರ್ಷ ಹಿಜ್ರಿ, ಅದಕ್ಕೆ 354 ಅಥವಾ 355 ದಿನ. ಅದರ ತಿಂಗಳುಗಳು ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ, ಹಾಗಾಗಿ ರಂಜಾನ್ ಒಮ್ಮೆ ಮಳೆಗಾಲಕ್ಕೆ, ಒಮ್ಮೆ ಬಿಸಿಲಿಗೆ ಬರುತ್ತದೆ. ತಿಂಗಳ ಹೆಸರು ನೋಡಿ ಬಿತ್ತುವ ಹಾಗಿಲ್ಲ. ಅದಕ್ಕೆ ಅಚೇಹ್‌ನ ರೈತರು ಹಿಜ್ರಿ ತಿಂಗಳ ತಾರೀಖನ್ನೇ ಇಟ್ಟುಕೊಂಡು ಋತು ಹೇಳುವ ದಾರಿ ಕಂಡುಕೊಂಡಿದ್ದಾರೆ. ಅದರ ಹೆಸರು ಕೆನೆನೊಂಗ್. ಚಂದ್ರ ವೃಶ್ಚಿಕ ರಾಶಿಯ ಚೇಳಿನ ಚುಕ್ಕಿಗಳ ಹತ್ತಿರ ಬಂದ ರಾತ್ರಿ ಹಿಜ್ರಿ ತಿಂಗಳ ಎಷ್ಟನೇ ದಿನ ಎಂದು ನೋಡಬೇಕು. ಒಂಬತ್ತನೇ ದಿನವಾದರೆ ಅದು ಕೆನೊಂಗ್ 9. ಚೇಳಿನ ಎದೆಯಲ್ಲಿ ಕೆಂಪಗೆ ಮಿನುಗುವ ಚುಕ್ಕಿಯೇ ನಮ್ಮ ಜ್ಯೇಷ್ಠಾ ನಕ್ಷತ್ರ.

ಚಂದ್ರ ಒಂದು ನಕ್ಷತ್ರದಿಂದ ಹೊರಟು ಮತ್ತೆ ಅದೇ ನಕ್ಷತ್ರಕ್ಕೆ ಬರಲು ಸುಮಾರು 27.3 ದಿನ ಬೇಕು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ 29.5 ದಿನ. ಎರಡರ ನಡುವೆ ಎರಡು ದಿನಕ್ಕಿಂತ ತುಸು ಹೆಚ್ಚು ಅಂತರ. ಹಾಗಾಗಿ ಚಂದ್ರ ಚೇಳನ್ನು ಮುಟ್ಟುವ ತಾರೀಖು ತಿಂಗಳಿಗೆ ಎರಡೆರಡು ದಿನ ಹಿಂದಕ್ಕೆ ಬರುತ್ತದೆ. ಜನವರಿಯಲ್ಲಿ ಕೆನೊಂಗ್ 23, ಫೆಬ್ರವರಿಯಲ್ಲಿ 21, ಮಾರ್ಚ್‌ನಲ್ಲಿ 19, ಹೀಗೇ ಇಳಿಯುತ್ತಾ ಡಿಸೆಂಬರ್‌ಗೆ 1. ಬಾಯಿಲೆಕ್ಕದಲ್ಲಿ ಹೇಳುವುದಾದರೆ, ಇಂಗ್ಲಿಷ್ ತಿಂಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ 25ರಿಂದ ಕಳೆಯಿರಿ. ಆಗಸ್ಟ್ ಎಂಟನೇ ತಿಂಗಳು, 25ರಲ್ಲಿ 16 ಕಳೆದರೆ 9.

ಜೂನ್‌ಗೆ ಈ ಲೆಕ್ಕ 13 ಎನ್ನುತ್ತದೆ, ಅಂದರೆ ಹೆಚ್ಚುಕಡಿಮೆ ಹುಣ್ಣಿಮೆ. ನಮ್ಮ ಪಂಚಾಂಗದಲ್ಲಿ ಹುಣ್ಣಿಮೆಯ ಚಂದ್ರ ಜ್ಯೇಷ್ಠಾ ನಕ್ಷತ್ರದ ಹತ್ತಿರ ಬರುವ ಮಾಸಕ್ಕೇ ಜ್ಯೇಷ್ಠ ಎಂದು ಹೆಸರು. ನಮ್ಮ ರೈತರು ಆರಿದ್ರಾ, ಪುಷ್ಯ, ಮಘೆ ಎಂದು ಮಳೆ ಲೆಕ್ಕ ಹಾಕುವುದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂದು ನೋಡಿ. ಅವರು ನೋಡುವುದು ಚಂದ್ರನನ್ನು, ಅದೂ ಒಂದೇ ನಕ್ಷತ್ರದ ಹತ್ತಿರ. ಪಂಚಾಂಗದ ಪುಸ್ತಕ ಬೇಡ, ಕಣ್ಣು ಮತ್ತು ತಾರೀಖು ಸಾಕು. ಇಷ್ಟು ಸರಳವಾದ, ಇಷ್ಟು ಗಟ್ಟಿಯಾದ ಲೆಕ್ಕ ಇನ್ನೊಂದು ನನಗೆ ಗೊತ್ತಿಲ್ಲ.

ಬಿತ್ತನೆಯ ಗಾದೆ ಹೀಗಿದೆ: ಕೆನೊಂಗ್ 11ಕ್ಕೆ ಅಲ್ಲೊಂದು ಇಲ್ಲೊಂದು ಬಿತ್ತು, 9ಕ್ಕೆ ಎಲ್ಲೆಡೆ ಬಿತ್ತು, 7ಕ್ಕೂ ಪರವಾಗಿಲ್ಲ, 5ಕ್ಕೆ ಬಿತ್ತಿದರೆ ಹುಳ ತಿನ್ನುತ್ತದೆ. ಅಂದರೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸರಿ, ಅಕ್ಟೋಬರ್ ತಡ. ಮಳೆ ಬಲಿಯುವುದು ವರ್ಷದ ಕೊನೆಯ ತಿಂಗಳುಗಳಲ್ಲಿ. ಅಷ್ಟರೊಳಗೆ ಪೈರು ಬೇರುಬಿಟ್ಟಿರಬೇಕು.

ಲೆಕ್ಕ ತಪ್ಪುವುದೂ ಉಂಟು. ಚಂದ್ರದರ್ಶನದ ಮೇಲೆ ತಿಂಗಳು ಶುರುವಾಗುವುದರಿಂದ ಒಂದು ದಿನ ಆಚೀಚೆ ಸಹಜ. ಎರಡು ದಿನದ ಮೇಲಿನ ಆ ತುಸು ಹೆಚ್ಚಿನ ಅಂತರವೂ ಕೂಡುತ್ತಾ ಹೋಗುತ್ತದೆ, ಅದಕ್ಕೇ ಸೂತ್ರಕ್ಕಿಂತ ಆಕಾಶವನ್ನೇ ನಂಬಬೇಕು. ಡಿಸೆಂಬರ್ ಹೊತ್ತಿಗೆ ಸೂರ್ಯನೇ ಚೇಳಿನ ಹತ್ತಿರ ಇರುವುದರಿಂದ ಚುಕ್ಕಿ ಕಾಣುವುದಿಲ್ಲ, ಕೆನೊಂಗ್ 1 ಬರೀ ಎಣಿಕೆಯ ಮೇಲೆ ಹೇಳುವ ಮಾತು. ಚಿಹೆರಾಂಗ್‌ನಂಥ, 115ರಿಂದ 125 ದಿನಕ್ಕೆ ಬರುವ ತಳಿಗಳು ಮತ್ತು ಕಾಲುವೆ ನೀರು ಬಂದ ಮೇಲೆ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ. ಹಾಗಾಗಿ ಕೆನೆನೊಂಗ್ ಈಗ ಹಿರಿಯರ ಬಾಯಲ್ಲೇ ಹೆಚ್ಚು ಉಳಿದಿದೆ. ಕಾಲುವೆ ಮುಟ್ಟದ, ಮಳೆಯನ್ನೇ ನಂಬಿದ ಗದ್ದೆಗೆ ಅದು ಈಗಲೂ ಬೇಕು.

ದಿನ ಗೊತ್ತಾದ ಮೇಲೆ ಖಂದುರಿ ಬ್ಲಾಂಗ್, ಬಯಲಿನ ಊಟ. ಮನೆಮನೆಯಿಂದ ಹಣ ಕೂಡಿಸಿ ಆಡು ಅಥವಾ ದನ ಕೊಯ್ದು, ಗದ್ದೆಯ ಹತ್ತಿರವೇ ದೊಡ್ಡ ಕೊಪ್ಪರಿಗೆಯಲ್ಲಿ ಬೇಯಿಸುತ್ತಾರೆ. ಒಲೆಯ ಮುಂದೆ ನಿಲ್ಲುವವರು ಗಂಡಸರು. ಅಚೇಹ್ ಬೆಸಾರ್‌ನ ಕುವಾ ಬೆಲಾಂಗೊಂಗ್ ಎಂಬ ಮಾಂಸದ ಸಾರಿಗೆ ಎಳೆ ಹಲಸಿನಕಾಯಿ ಇಲ್ಲವೇ ಬಾಳೆದಿಂಡು ಬೀಳುತ್ತದೆ. ಮಂದಕ್ಕೆ ಹುರಿದು ಎಣ್ಣೆ ಬಿಡುವ ತನಕ ಅರೆದ ಕಾಯಿತುರಿ. ದುವಾ, ಅಂದರೆ ಪ್ರಾರ್ಥನೆ, ಮುಗಿದು ಊಟವಾದ ಮೇಲೆ ಕೆಲವು ದಿನ ಗದ್ದೆಗೆ ಇಳಿಯುವಂತಿಲ್ಲ. ಅಲ್ಲಿಗೆ ದನ ಬಿಟ್ಟು ಮೇಯಿಸುವ ಕಾಲವೂ ಮುಗಿಯಿತು. ಕೊಯ್ಲಿನಿಂದ ಆ ದಿನದವರೆಗೆ ಬಯಲು ಎಲ್ಲರ ದನಕ್ಕೂ ತೆರೆದಿರುತ್ತದೆ. ಆ ದಿನದ ಮೇಲೆ ದನ ನುಗ್ಗಿದರೆ ನಷ್ಟ ದನದವನದು.

ಗದ್ದೆಯ ಅಳತೆ ಕೇಳಿದರೆ ನಮ್ಮ ಹಳೇ ತಲೆಯವರಿಗೆ ತಟ್ಟನೆ ಅರ್ಥವಾಗುತ್ತದೆ. ಖಂಡುಗದ ಗದ್ದೆ, ಮುಡಿ ಗದ್ದೆ ಎಂದು ನಾವು ಬೀಜದ ಲೆಕ್ಕದಲ್ಲಿ ಹೇಳುತ್ತಿದ್ದ ಹಾಗೆ ಅಲ್ಲಿ ನಾಲೆಹ್ ಎನ್ನುತ್ತಾರೆ. ಅರೆ ಎಂಬ ಸಣ್ಣ ಅಳತೆ 16 ಸೇರಿದರೆ ಒಂದು ನಾಲೆಹ್, 10 ನಾಲೆಹ್‌ಗೆ ಒಂದು ಗುಂಚಾ. ಗದ್ದೆಯಾಗಿ ಹೇಳಿದರೆ ಒಂದು ನಾಲೆಹ್ ಸುಮಾರು ಕಾಲು ಹೆಕ್ಟೇರ್. ಸ್ವಂತ ಗದ್ದೆ ಇಲ್ಲದವರು ಮಾವಾ, ಅಂದರೆ ಪಾಲಿಗೆ ಮಾಡುತ್ತಾರೆ. ಬೀಜ, ಗೊಬ್ಬರ ಯಾರದು ಎಂಬುದರ ಮೇಲೆ ಪಾಲು ಅರ್ಧವೋ ಮೂರರಲ್ಲೊಂದೋ ಆಗುತ್ತದೆ. ದುಡ್ಡಿನ ಅಡಚಣೆ ಬಂದರೆ ಗಾಲಾ, ನಮ್ಮ ಭೋಗ್ಯ. ಆದರೆ ಸಾಲ ಬರೆಯುವುದು ಹಣದಲ್ಲಲ್ಲ, ಚಿನ್ನದಲ್ಲಿ. ಅಳತೆ ಮಾಯಂ, ಒಂದು ಮಾಯಂಗೆ ಸುಮಾರು 3.3 ಗ್ರಾಂ. ಚಿನ್ನ ವಾಪಸು ಕೊಡುವ ತನಕ ಗದ್ದೆಯ ಫಸಲು ಸಾಲ ಕೊಟ್ಟವನಿಗೆ ಸೇರುತ್ತದೆ. ಸಾಲ ಕೊಟ್ಟವನಿಗೆ ಹಣದ ಬೆಲೆ ಇಳಿದರೂ ಮೋಸವಿಲ್ಲ. ಚಿನ್ನದ ಬೆಲೆ ಏರಿದಾಗ ಮಾತ್ರ ಬಡವನ ಗದ್ದೆ ವರ್ಷಗಟ್ಟಲೆ ಬಿಡಿಸಿಕೊಳ್ಳಲಾಗದೆ ಉಳಿಯುತ್ತದೆ. ಈ ಪದ್ಧತಿಯಲ್ಲಿ ನನಗೆ ಕಷ್ಟ ಎನಿಸುವುದು ಇದೇ. ಕೊಯ್ಲಾದ ಮೇಲೆ ಝಕಾತ್, ಅಂದರೆ ಇಸ್ಲಾಮಿನ ಕಡ್ಡಾಯ ದಾನ: ಮಳೆನೀರಿನ ಬೆಳೆಗೆ ಹತ್ತರಲ್ಲೊಂದು, ಖರ್ಚು ಮಾಡಿ ನೀರು ಹಾಯಿಸಿದ ಬೆಳೆಗೆ ಇಪ್ಪತ್ತರಲ್ಲೊಂದು.

ಮನೆಗಳು ಈಗ ಬಹುಪಾಲು ಇಟ್ಟಿಗೆ ಸಿಮೆಂಟಿನವು. ಹಳೆಯ ರುಮೊಹ್ ಅಚೇಹ್ 16, 20 ಅಥವಾ 24 ಕಂಬಗಳ ಮೇಲೆ ಆಳುದ್ದಕ್ಕೂ ಎತ್ತರದಲ್ಲಿ ನಿಲ್ಲುತ್ತದೆ. ಮೊಳೆ ಇಲ್ಲ, ಮರದ ಗೂಟ ಮತ್ತು ಬೆಣೆ ಮಾತ್ರ, ಹಾಗಾಗಿ ಬಿಚ್ಚಿ ಬೇರೆ ಕಡೆ ಕಟ್ಟಬಹುದು. ಮಾಡಿಗೆ ರುಂಬಿಯಾ ಎಂಬ ತಾಳೆ ಜಾತಿಯ ಮರದ ಗರಿ ಹೊದಿಸಿ ಹಗ್ಗದಿಂದ ಬಿಗಿದಿರುತ್ತಾರೆ. ಬೆಂಕಿ ಬಿದ್ದರೆ ಹಗ್ಗ ಕಡಿದು ಹೊದಿಕೆಯನ್ನು ಕೆಳಗೆ ಜಾರಿಸಿದರೆ ಕಂಬ ತೊಲೆ ಉಳಿಯುತ್ತವೆ. ಮನೆ ಹೆಣ್ಣುಮಗಳದು. ಅಪ್ಪ ಅಮ್ಮ ಮದುವೆಯಾದ ಮಗಳಿಗೆ ಮನೆ ಕೊಡುತ್ತಾರೆ, ಅಳಿಯ ಅಲ್ಲಿಗೆ ಬಂದು ಇರುತ್ತಾನೆ. ಗದ್ದೆ ತೋಟ ಇಸ್ಲಾಮಿನ ಕಟ್ಟಳೆಯಂತೆ ಪಾಲಾಗುವುದರಿಂದ ಇದು ನಮ್ಮ ಅಳಿಯಕಟ್ಟಿನಂತಲ್ಲ. ಆದರೂ ಒಂದೇ ಹಿತ್ತಲಲ್ಲಿ ತಾಯಿಯ ಮನೆ, ಅಕ್ಕತಂಗಿಯರ ಮನೆ ಸಾಲಾಗಿ ಇರುವುದು ಈ ಕಾರಣಕ್ಕೆ.

ಅಡುಗೆಮನೆಗೆ ಬಂದರೆ ಕರಿಬೇವು ಅಲ್ಲೂ ಇದೆ, ನಾವು ಒಗ್ಗರಣೆಗೆ ಹಾಕುವುದಕ್ಕಿಂತ ಧಾರಾಳವಾಗಿ. ಪ್ಲಿಯೆಕ್ ಉ ಎಂಬುದು ಕೊಬ್ಬರಿಯನ್ನು ಕೆಲವು ದಿನ ಹುಳಿಸಿ, ಎಣ್ಣೆ ಹಿಂಡಿ, ಉಳಿದ ಹಿಂಡಿಯನ್ನು ಒಣಗಿಸಿದ್ದು. ಹಲವು ತರಕಾರಿ ಸೊಪ್ಪು ಕೂಡಿಸಿ ಅದರ ಸಾರು ಮಾಡುತ್ತಾರೆ. ವಾಸನೆ ಗಾಢ, ಮೊದಲ ಸಲಕ್ಕೆ ಎಲ್ಲರಿಗೂ ಹಿಡಿಸದು. ಆದರೆ ನಮ್ಮ ಕರಾವಳಿಯವರು ನಾಳೆಯೇ ಮಾಡಬಹುದಾದದ್ದು ಅಸಾಂ ಸುಂತಿ, ಅಂದರೆ ಉಪ್ಪು ಹಾಕಿ ಒಣಗಿಸಿದ ಬಿಂಬುಳಿ. ಮಂಗಳೂರು ಉಡುಪಿ ಕಡೆ ಮೀನಿನ ಸಾರಿಗೆ, ಉಪ್ಪಿನಕಾಯಿಗೆ ಹಾಕುವ ಅದೇ ಬಿಂಬುಳಿ.

ಹಸಿರು ತಿರುಗಿ ಹಳದಿಗೆ ಬರುತ್ತಿರುವ, ಪೆಟ್ಟಾಗದ ಕಾಯಿ ಆರಿಸಿ ತೊಳೆದು, ನೀರು ಆರಿಸಿ, ಮೊದಲ ದಿನ ಉಪ್ಪಿಲ್ಲದೆ ಬಿಸಿಲಿಗೆ ಹರಡಿ. ಬಾಡದ ಕಾಯಿಗೆ ಉಪ್ಪು ಹಾಕಿದರೆ ಒಮ್ಮೆಲೇ ನೀರು ಬಿಟ್ಟು ಕರಗಿ ಮುದ್ದೆಯಾಗುತ್ತದೆ, ಯಾಕೆಂದರೆ ಅದರ ತೂಕದ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಸಂಜೆ ಬಾಡಿದ ಕಾಯಿಗೆ ಕಲ್ಲುಪ್ಪು ಉದುರಿಸಿ ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯಲ್ಲಿ ಮುಚ್ಚಿಡಿ. ಹಸಿಕಾಯಿಯ ಕಿಲೋಗೆ ಒಟ್ಟು 100 ಗ್ರಾಂ ಉಪ್ಪು ಎಂದಿಟ್ಟುಕೊಂಡು ಎರಡು ಮೂರು ಸಂಜೆಗೆ ಹಂಚಿ. ಕಬ್ಬಿಣದ ಪಾತ್ರೆ ಬೇಡ, ಹುಳಿಗೆ ಕಬ್ಬಿಣ ಬಿಟ್ಟುಕೊಂಡು ಕಪ್ಪಾಗುತ್ತದೆ, ರುಚಿ ಕೆಡುತ್ತದೆ. ಹಗಲು ಬಿಸಿಲು, ರಾತ್ರಿ ಉಪ್ಪುನೀರು, ಹೀಗೆ ಐದರಿಂದ ಏಳು ದಿನ. ಕಾಯಿ ಚಪ್ಪಟೆಯಾಗಿ, ಕಂದು ಬಣ್ಣಕ್ಕೆ ಬಂದು, ಬೆರಳಿಗೆ ತುಸು ಅಂಟಬೇಕು, ಹಿಂಡಿದರೆ ಹನಿ ಬರಬಾರದು. ನಡುವೆ ಮೋಡ ಕವಿದರೆ ಆ ಸಂಜೆ ಉಪ್ಪು ತುಸು ಹೆಚ್ಚಿಸಿ, ಇಲ್ಲವಾದರೆ ಬಿಳಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ತೊಳೆದು ಉಳಿಸಿಕೊಳ್ಳಲು ಹೋಗಬೇಡಿ, ಎಸೆದುಬಿಡಿ.

ಅರ್ಧ ಕಿಲೋ ಮೀನಿಗೆ ಐದಾರು ಸಾಕು. ಹಸಿಮೆಣಸು, ಅರಿಶಿನ, ಸಣ್ಣ ಈರುಳ್ಳಿಯ ಜತೆ ಅರೆದು ಹಾಕಿ. ಹುಳಿಯ ಜತೆಗೇ ಉಪ್ಪೂ ಬಂದಿರುವುದರಿಂದ ಸಾರು ಕುದಿದು ರುಚಿ ನೋಡುವ ತನಕ ಬೇರೆ ಉಪ್ಪು ಹಾಕಬೇಡಿ.