1.040ರಲ್ಲಿ ನಿಂತಿದ್ದ ಕ್ರಿಸ್ಮಸ್ ವೈನ್ ಮತ್ತೆ ಹೊರಟಿತು

ಇವತ್ತು ಬೆಳಿಗ್ಗೆ ವೈನ್ ಜಾಡಿಯ ಏರ್‌ಲಾಕ್ (ಒಳಗಿನ ಗ್ಯಾಸ್ ಮಾತ್ರ ಹೊರಗೆ ಬಿಡುವ ಮುಚ್ಚಳ) ಗುಳುಗುಳು ಅಂದಿತು! ಹನ್ನೊಂದು ದಿನದಿಂದ ಆ ಸದ್ದಿಗೆ ಕಿವಿ ಕೊಟ್ಟು ಕೂತಿದ್ದೆ.

ಕಿವುಚಿದ್ದು, ಚಕ್ಕೆ ಲವಂಗ ಹಾಕಿದ್ದು, ಸೋಸಿದ್ದು ನಿಮಗೆ ಗೊತ್ತಿರುವುದೇ, ಬಿಡಿ. ಲೆಕ್ಕ ಮಾತ್ರ ಹೇಳುತ್ತೇನೆ: 5 ಕಿಲೋ ಬೆಂಗಳೂರು ನೀಲಿ ದ್ರಾಕ್ಷಿ, 5 ಲೀಟರ್ ನೀರು, 2.5 ಕಿಲೋ ಸಕ್ಕರೆ, ಒಂದು ಹಿಡಿ ಗೋಧಿ, ಬೇಕರಿ ಯೀಸ್ಟ್. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.114 ತೋರಿಸಿತು. ಸಕ್ಕರೆ ಆಲ್ಕೋಹಾಲ್ ಆದಂತೆ ಈ ಅಂಕಿ ಇಳಿಯಬೇಕು. ಮೊದಲ ವಾರ ಜೋರು ನೊರೆ. ಆಮೇಲೆ 1.040ಕ್ಕೆ ಬಂದು ನಿಂತಿತು. ರುಚಿ ನೋಡಿದರೆ ಪಾನಕದಷ್ಟು ಸಿಹಿ.

ಮೊದಲು ಚಳಿಯ ಮೇಲೆ ಅನುಮಾನ ಬಂತು. ಡಿಸೆಂಬರ್ ರಾತ್ರಿ ಬೆಂಗಳೂರು 15-16 ಡಿಗ್ರಿಗೆ ಇಳಿಯುತ್ತದೆ, ಅಲ್ವಾ? ಜಾಡಿಗೆ ಕಂಬಳಿ ಸುತ್ತಿ ಫ್ರಿಜ್ ಪಕ್ಕ ಇಟ್ಟೆ. ಒಳಗೆ 25 ಡಿಗ್ರಿ ಆಯ್ತು, ಆದರೂ ಅದೇ 1.040. ಇನ್ನೊಂದು ಚಮಚ ಬೇಕರಿ ಯೀಸ್ಟ್ ಹಾಕಿದೆ. ಮಾರನೇ ದಿನ ಅದು ತಳದಲ್ಲಿ ಕೂತಿತ್ತು.

ಕೊನೆಗೆ ವೈನ್ ಮಾಡುವವರ ಸೂತ್ರ ಹಿಡಿದು ಲೆಕ್ಕ ಹಾಕಿದೆ. 1.114ರಲ್ಲಿ 1.040 ಕಳೆದು 131ರಿಂದ ಗುಣಿಸಿದರೆ 9.7. ಅಂದರೆ ಆಗಲೇ ಶೇ 9.7 ಆಲ್ಕೋಹಾಲ್! ಹಿಟ್ಟು ಉಬ್ಬಿಸುವ ಯೀಸ್ಟ್ ಅದು. ಇಷ್ಟು ಆಲ್ಕೋಹಾಲ್, ಮೇಲೆ ಅಷ್ಟು ಸಕ್ಕರೆ, ಹೇಗೆ ತಡೆದೀತು? ಮಂಗಳೂರಿನ ದೊಡ್ಡಮ್ಮ ಸಕ್ಕರೆಯನ್ನು ಮೂರು ಕಂತಿನಲ್ಲಿ ಹಾಕುತ್ತಿದ್ದರು. ನಾನು ಒಂದೇ ಸಲ ಸುರಿದಿದ್ದೆ. ಅವರ ಕಂತಿನ ಅರ್ಥ ಈಗ ತಿಳಿಯಿತು.

ಶೇ 18 ಆಲ್ಕೋಹಾಲ್‌ವರೆಗೂ ತಡೆಯುವ ಇಸಿ-1118 ಅನ್ನುವ ವೈನ್ ಯೀಸ್ಟ್ ತರಿಸಿದೆ. ಬಂದ ಪೊಟ್ಟಣದ ಅವಧಿ ಮುಗಿದು ನಾಲ್ಕು ತಿಂಗಳಾಗಿತ್ತು. ಯೀಸ್ಟ್ ಅಂದರೆ ಜೀವ ಇರುವ ವಸ್ತು ಸ್ವಾಮಿ, ಮೊಳೆ ಡಬ್ಬಿ ಅಲ್ಲ! ಇನ್ನೊಬ್ಬರಿಂದ ತರಿಸಿದರೆ 5 ಗ್ರಾಂ ಪೊಟ್ಟಣದ ಬೆಲೆಗಿಂತ ಸಾಗಣೆ ಖರ್ಚೇ ಜಾಸ್ತಿ.

ಸುಮ್ನೆ ಜಾಡಿಗೆ ಸುರಿದರೆ ಹೊಸ ಯೀಸ್ಟೂ ಉಳಿಯುವುದಿಲ್ಲ. ಅದಕ್ಕೆ ಆಲ್ಕೋಹಾಲ್ ರೂಢಿ ಮಾಡಿಸಬೇಕು. 37 ಡಿಗ್ರಿಯ 50 ಮಿಲಿ ನೀರಿನಲ್ಲಿ 15 ನಿಮಿಷ ನೆನೆಸಿ, 100 ಮಿಲಿ ತಾಜಾ ದ್ರಾಕ್ಷಿ ರಸ ಕೊಟ್ಟೆ. ನೊರೆ ಬಂದ ಮೇಲೆ ಜಾಡಿಯ ವೈನ್ 100 ಮಿಲಿ. ಮತ್ತೆ ನೊರೆ, ಆಗ 250. ಆಮೇಲೆ 500, ಆಮೇಲೆ ಒಂದು ಲೀಟರ್. ಮಗುವಿಗೆ ಅನ್ನ ರೂಢಿ ಮಾಡಿಸಿದ ಹಾಗೆ, ಎರಡು ದಿನ ಹಿಡಿಯಿತು. ನಿನ್ನೆ ರಾತ್ರಿ ಎಲ್ಲವನ್ನೂ ಜಾಡಿಗೆ ಸೇರಿಸಿದೆ.

ಕಾಯುವ ಹೊತ್ತಿನಲ್ಲಿ ಇನ್ನೊಂದು ಆಸೆ ಹುಟ್ಟಿದೆ. ದೊಡ್ಡಮ್ಮ ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಡಬ್ಬಿಯ ಜೊತೆ ಒಣ ಪುನರ್ಪುಳಿ (ಕೋಕಂ) ಸಿಪ್ಪೆ ಕಳಿಸಿದ್ದಾರೆ. ಆ ಕೆಂಪು ಬಣ್ಣದ ವೈನ್ ಹೇಗಿರಬಹುದು! ಹುಳಿ ಜಾಸ್ತಿ, ಯೀಸ್ಟ್‌ಗೆ ಕಷ್ಟ. ಜನವರಿಯಲ್ಲಿ ಒಂದೇ ಲೀಟರ್ ಮಾಡಿ ನೋಡುತ್ತೇನೆ. ಹುಳಿ ಅಳೆಯುವ ಪಿಎಚ್ ಪಟ್ಟಿ ಈಗಲೇ ತಂದಿಟ್ಟಿದ್ದೇನೆ.

ಈಗಷ್ಟೇ ಅಳೆದೆ: 1.036. ಕ್ರಿಸ್ಮಸ್‌ಗೆ ಇದು ಪೂರ್ತಿ ತಿಳಿಯಾಗುವುದಿಲ್ಲ. ಮಬ್ಬಾಗಿದ್ದರೂ ಸರಿ, ರಾತ್ರಿ ಬಲಿಪೂಜೆ ಮುಗಿಸಿ ಬಂದ ಮೇಲೆ ಮೊದಲ ಲೋಟ ದೊಡ್ಡಮ್ಮನಿಗೆ.