ಗಣಿತದ ಮೇಷ್ಟ್ರು ಚರ್ಚಿಗೆ ಯಾಕೆ ಹೋಗ್ತೀರಿ?

"ಸರ್, ಬೋರ್ಡ್ ಮ್ಯಾಲೆ ಹೆಜ್ಜೆ ಹೆಜ್ಜೆಗೂ ಪ್ರೂಫ್ ಕೇಳ್ತೀರಿ. ಭಾನುವಾರ ಚರ್ಚಿನಾಗ ಕಣ್ಮುಚ್ಚಿ ಕುಂದರ್ತೀರಿ. ಎರಡೂ ಹೆಂಗ್ ಕೂಡ್ತಾವ್ರೀ?" ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳುವ ನನ್ನನ್ನು ಪ್ರತಿ ವರ್ಷ ಯಾರಾದರೊಬ್ಬರು ಹೀಗೆ ಕೇಳುತ್ತಾರೆ.

ಅಂಕಗಣಿತವನ್ನು ಒಳಗೊಂಡ ನಿಯಮವ್ಯವಸ್ಥೆಯಲ್ಲಿ ನಿಜಕ್ಕೂ ವಿರೋಧವಿಲ್ಲದಿದ್ದರೆ, ಹಾಗೆ ವಿರೋಧವಿಲ್ಲ ಎಂಬುದನ್ನು ಅದು ತನ್ನ ನಿಯಮಗಳಿಂದಲೇ ಸಾಧಿಸಲಾರದು ಎಂದು 1931ರಲ್ಲಿ ತರ್ಕಶಾಸ್ತ್ರಜ್ಞ ಗೋಡೆಲ್ ತೋರಿಸಿದ. ಅದನ್ನೇ ಹಿಡಿದು ದೇವರಿದ್ದಾನೆ ಎನ್ನುವವರಿದ್ದಾರೆ. ನಾನು ಹಾಗೆ ಹೇಳುವುದಿಲ್ಲ, ಅದು ಕೆಟ್ಟ ಗಣಿತ.

ನನಗೆ ಬುದ್ಧಿಯ ಮಿತಿ ತಿಳಿದದ್ದು ಸಿರುಗುಪ್ಪದ ಕಡೆಯ ನಮ್ಮ ಭತ್ತದ ಗದ್ದೆಯ ಬದುವಿನ ಮೇಲೆ. ನನ್ನ ತಮ್ಮ ಎರಡು ಮೊಳ ಒತ್ತಿದ್ದಾನೆ ಎಂದು ಜಗಳ. ಪಹಣಿ, ಸರ್ವೆ ನಕಾಶೆ ಎಲ್ಲ ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಪಂಚಾಯ್ತಿಗೆ ಕೂತೆ. ನನ್ನ ಲೆಕ್ಕದಲ್ಲಿ ಒಂದು ತಪ್ಪಿರಲಿಲ್ಲ. ನಾಲ್ಕು ವರ್ಷ ಮಾತು ಬಿಟ್ಟೆ. ಆಮೇಲೊಂದು ರಾತ್ರಿ ಅವನ ಹೆಂಡತಿ ಫೋನ್ ಮಾಡಿದಳು. ಆಸ್ಪತ್ರೆಗೆ ಓಡಿದೆ. ಮುಖ ಬಾತಿತ್ತು. ನನ್ನನ್ನು ನೋಡಿ ಕೇಳಿದ್ದು ಒಂದೇ: "ಉಂಡಿಯೇನಣ್ಣಾ?" ಮೂರನೇ ದಿನ ಹೋಗಿಬಿಟ್ಟ.

ಮಣ್ಣು ಮಾಡಿ ಬಂದಮೇಲೂ ನನ್ನ ಬುದ್ಧಿ "ನೀನು ಹೇಳಿದ್ದೇ ಸರಿ" ಎನ್ನುತ್ತಲೇ ಇತ್ತು. ನಾಲ್ಕು ವರ್ಷ ಅದು ನನ್ನ ವಕೀಲನಾಗಿತ್ತು, ನ್ಯಾಯಾಧೀಶನಾಗಿರಲಿಲ್ಲ. ಕ್ಷಮೆ ಕೇಳೋಣವೆಂದರೆ ತಮ್ಮನೇ ಇಲ್ಲ. ನನ್ನನ್ನು ನಾನೇ ಕ್ಷಮಿಸಿಕೊಳ್ಳಬೇಕಂತೆ, ಹಾಗೆಂದರು ಕೆಲವರು. ಸಾಲ ಮಾಡಿದವನೇ ಸಾಲ ಮನ್ನಾ ಮಾಡಿಕೊಳ್ಳುವುದುಂಟೇ? ಮತ್ತಾಯನ ಸುವಾರ್ತೆಯಲ್ಲಿ ಯೇಸು ಕಲಿಸಿದ ಪ್ರಾರ್ಥನೆಯ ಗ್ರೀಕ್ ಮೂಲದಲ್ಲಿ ತಪ್ಪು ಎನ್ನುವ ಕಡೆ ಇರುವುದು ಸಾಲ ಎಂಬ ಪದವೇ. ಆ ಸಾಲವನ್ನು ಶಿಲುಬೆಯ ಮೇಲೆ ತಾನೇ ತೀರಿಸಿದವನ ಮುಂದೆ ಮಾತ್ರ ನನಗೆ ಅಳಲು ಆಯಿತು. ಇದಕ್ಕೆ ಪ್ರೂಫ್ ಕೊಡಲಾರೆ. ನಂಬಿದೆ.

ನೀವು ಸೆಕೆಂಡ್ ಪಿಯುನಲ್ಲಿ ಓದುವ ಸಂಭವನೀಯತೆಗೆ ಅಡಿಪಾಯ ಹಾಕಿದ ಪಾಸ್ಕಲ್, ಆ ಕುರಿತು ಇನ್ನೊಬ್ಬ ಗಣಿತಜ್ಞ ಫರ್ಮಾಗೆ ಪತ್ರ ಬರೆದ 1654ರಲ್ಲೇ, ನವೆಂಬರ್ 23ರ ರಾತ್ರಿ ತಾನು ದೇವರನ್ನು ಕಂಡ ಬಗೆಯನ್ನು ಚೀಟಿಯಲ್ಲಿ ಬರೆದ. ಕೋಟಿನೊಳಗೆ ಹೊಲಿದಿದ್ದ ಅದು 1662ರಲ್ಲಿ ಅವನು ಸತ್ತಮೇಲೆ ಸಿಕ್ಕಿತು. ಗಣಿತ ಅವನಿಗೆ ಸುಳ್ಳಾಗಲಿಲ್ಲ. ನನಗೂ ಆಗಿಲ್ಲ, ಕ್ಲಾಸಿನಲ್ಲಿ ಈಗಲೂ ಪ್ರೂಫ್ ಕೇಳುತ್ತೇನೆ.

ಆ ಮುಂಗಾರಿಗೆ ಬದುವನ್ನು ತಮ್ಮನ ಮಗ ತೋರಿಸಿದ ಕಡೆಯೇ ಹಾಕಿಸಿದೆ. ನಕಾಶೆ ತೆಗೆದು ನೋಡಲಿಲ್ಲ.