ಯಾವ ಟಬ್ ಹಾಕಿಸೋದು ಅಂತ ಕೇಳುವವರಿಗೆ

"ಹಳೇ ಬಚ್ಚಲು ಒಡೆಸಿ ಹೊಸದು ಮಾಡಿಸ್ತಿದ್ದೀವಿ, ಯಾವ ಥರದ ಬಾತ್‌ಟಬ್ ಹಾಕಿಸಿದ್ರೆ ಚೆಂದ?" ನಾನು ಮನೆ ರಿಪೇರಿ ಕೆಲಸ ಮಾಡಿಸುವವನು ಅಂತ ಗೊತ್ತಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಹೋಂಸ್ಟೇ ನಡೆಸುವವರು ಕೇಳುತ್ತಾರೆ, ಬೆಂಗಳೂರು ಬಿಟ್ಟು ತೋಟಕ್ಕೆ ಮರಳಿದವರೂ ಕೇಳುತ್ತಾರೆ. ಫೋನಿನಲ್ಲಿ ತೋರಿಸುವ ಚಿತ್ರ ಹೆಚ್ಚುಕಮ್ಮಿ ಒಂದೇ: ಗಾಜಿನ ಕಿಟಕಿ, ಆಚೆ ಮಂಜು, ಕೋಣೆಯ ನಡುವೆ ಮೊಟ್ಟೆಯಾಕಾರದ ಬಿಳಿ ಟಬ್.

ನನ್ನ ಉತ್ತರ: ಕೊಡಗಿನ ಬಹುಪಾಲು ಮನೆಗಳಿಗೆ ಮೂರು ಗೋಡೆಗಳ ನಡುವೆ ಕೂರುವ, ಐದಡಿ ಉದ್ದ ಎರಡೂವರೆ ಅಡಿ ಅಗಲದ ಅಕ್ರಿಲಿಕ್ ಟಬ್ಬೇ ಸರಿ.

ಆದರೆ ಆಕಾರ ಆರಿಸುವ ಮೊದಲು ಬಿಸಿನೀರಿನ ಲೆಕ್ಕ ಹಾಕಿ. ಟಬ್ಬಿಗೆ 180 ಲೀಟರ್ ನೀರು ಬೇಕು ಅಂದುಕೊಳ್ಳಿ. ಹುತ್ತರಿ ಹಬ್ಬ ಕಳೆದ ಮೇಲಿನ ಡಿಸೆಂಬರ್ ಚಳಿಯಲ್ಲಿ ಟ್ಯಾಂಕಿನ ನೀರು 15 ಡಿಗ್ರಿಯಷ್ಟಿದ್ದರೆ, ಅದನ್ನು ಮೈಗೆ ಹಿತವಾಗುವ 40 ಡಿಗ್ರಿಗೆ ತರಲು 60 ಡಿಗ್ರಿಯ ಬಿಸಿನೀರೇ 100 ಲೀಟರ್ ಸೇರಬೇಕು. 25 ಲೀಟರಿನ ಗೀಸರ್ ಇದರ ಕಾಲುಭಾಗ ಕೊಡುತ್ತದೆ. ಮತ್ತೊಂದು ಸಲ ಕಾಯುವುದಕ್ಕೆ ಮುಕ್ಕಾಲು ಗಂಟೆ. ಅಷ್ಟರಲ್ಲಿ ಟಬ್ಬಿನಲ್ಲಿರುವುದು ತಣ್ಣಗಾಗಿರುತ್ತದೆ. ಕರೆಂಟಿನ ಲೆಕ್ಕದಲ್ಲಿ ಒಂದು ಸ್ನಾನಕ್ಕೆ ಐದು ಯೂನಿಟ್ಟಿಗೂ ಮೇಲೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಸೋಲಾರ್ ನೆಚ್ಚಿಕೊಳ್ಳುವ ಹಾಗಿಲ್ಲ, ಕರೆಂಟನ್ನಂತೂ ಕೇಳಲೇಬೇಡಿ. ಹಾಗಾಗಿ ಹಳೇ ಬಚ್ಚಲಿನ ತಾಮ್ರದ ಹಂಡೆಯ ಒಲೆಯನ್ನು ಒಡೆಸುವ ಮೊದಲು ಯೋಚಿಸಿ ಅಂತ ಎಲ್ಲರನ್ನೂ ಕೇಳಿಕೊಳ್ಳುತ್ತೇನೆ. ಕಪಾತು ಮಾಡಿದ (ಕೊಂಬೆ ಸವರಿದ) ಸೌದೆ ತೋಟದಲ್ಲೇ ಬಿದ್ದಿರುತ್ತದೆ. ಆ ಒಲೆಯ ಜಾಗಕ್ಕೆ ಒಳ್ಳೆಯ ಸೌದೆ ಬಾಯ್ಲರ್ ಕೂರಿಸಿ, ಪೈಪನ್ನು ಟಬ್ಬಿಗೆ ಎಳೆದರೆ ಯಾವ ಕಾಲದಲ್ಲೂ ಸ್ನಾನ ನಿಲ್ಲುವುದಿಲ್ಲ.

ಕಾಲುಗಳ ಮೇಲೆ ನಿಲ್ಲುವ ಎರಕದ ಕಬ್ಬಿಣದ ಟಬ್ ಹಳೇ ಬಂಗಲೆಗೆ ಒಪ್ಪುತ್ತದೆ, ನಿಜ. ನೀರಿನ ಬಿಸಿಯನ್ನೂ ಚೆನ್ನಾಗಿ ಹಿಡಿದಿಡುತ್ತದೆ. ಆದರೆ ಟಬ್ಬೇ 150 ಕಿಲೋ, ನೀರು 180, ಮೇಲೆ ಮನುಷ್ಯ. 400 ಕಿಲೋ ಭಾರ ನಾಲ್ಕು ಕಾಲಿನ ಮೇಲೆ. ಹಲಗೆ ಹಾಸಿದ ಮಹಡಿಯಲ್ಲಿ ಇಂಜಿನಿಯರಿಗೆ ತೋರಿಸದೆ ಇಡಲೇಬಾರದು.

ನಡುವೆ ನಿಲ್ಲುವ ಮೊಟ್ಟೆ ಟಬ್ಬಿಗೆ ಸುತ್ತ ಕೈ ಹಾಕಿ ಒರೆಸುವಷ್ಟು ಜಾಗ ಬೇಕು. ನಮ್ಮ ಮಳೆಗಾಲದ ತೇವಕ್ಕೆ ಕೈ ತಲುಪದ ಮೂಲೆಯಲ್ಲೆಲ್ಲ ಬೂಸ್ಟು ಹಿಡಿಯುತ್ತದೆ. ಮಳೆ ಕಡಿಮೆಯಿರುವ ಕುಶಾಲನಗರದ ಕಡೆ ಇದು ಅಷ್ಟಾಗಿ ಕಾಡದು. ಮಳೆ ಜೋರಾಗಿರುವ ಭಾಗಮಂಡಲ, ನಾಪೋಕ್ಲು ಕಡೆಯವರು ಮಾತ್ರ ಯೋಚಿಸಲೇಬೇಕು. ಮೂರು ಗೋಡೆಯ ಟಬ್ಬಿಗೆ ಒರೆಸಬೇಕಾದ ಮುಖ ಒಂದೇ. ಗೋಡೆಗೆ ಹಿಡಿಕೆಯನ್ನೂ ಹಾಕಿಸಬಹುದು. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಟಬ್ಬಿನ ಅಂಚು ಒಂದೂವರೆ ಅಡಿಗಿಂತ ಎತ್ತರವಿರುವುದು ಬೇಡ.

ಕೂರಿಸುವಾಗ ಒಂದು ಕೆಲಸ ನೀವೇ ನಿಂತು ನೋಡಿ. ಅಕ್ರಿಲಿಕ್ ಟಬ್ಬಿನ ತಳಕ್ಕೆ, ತಯಾರಕರು ಹೇಳಿದ ರೀತಿಯಲ್ಲಿ, ಗಟ್ಟಿ ಆಧಾರ ಸಿಕ್ಕಿರಬೇಕು. ಇಲ್ಲದಿದ್ದರೆ ಕಾಲಿಟ್ಟ ಕಡೆ ಬಗ್ಗಿ ಕೊನೆಗೆ ಬಿರುಕು ಬಿಡುತ್ತದೆ. ಗೋಡೆ ಸೇರುವ ಅಂಚಿಗೆ ಸಿಲಿಕಾನ್ ಹಚ್ಚುವ ಮೊದಲು ಟಬ್ಬಿಗೆ ನೀರು ತುಂಬಿಸಿ. ಭಾರಕ್ಕೆ ಟಬ್ ಕೂದಲೆಳೆಯಷ್ಟು ಕೆಳಗೆ ಕೂರುತ್ತದೆ, ಸಂದು ಅಗಲವಾಗುತ್ತದೆ. ಆ ಸ್ಥಿತಿಯಲ್ಲೇ ಸಿಲಿಕಾನ್ ತುಂಬಿ, ಒಣಗಿದ ಮೇಲೆ ನೀರು ಖಾಲಿ ಮಾಡಿ. ಖಾಲಿ ಟಬ್ಬಿಗೆ ಹಚ್ಚಿದರೆ ಸ್ನಾನಕ್ಕೆ ಇಳಿದಾಗಲೆಲ್ಲ ಸಿಲಿಕಾನ್ ಎಳೆದಾಡಿ ಕಿತ್ತುಬರುತ್ತದೆ, ನೀರು ಗೋಡೆಯೊಳಗೆ ಇಳಿಯುತ್ತದೆ. ಮುಂದೆ ರಿಪೇರಿಗೆ ಕೈ ಹಾಕಲು ಡ್ರೈನ್ ಹತ್ತಿರ ತೆಗೆದು ಹಾಕುವ ಒಂದು ಸಣ್ಣ ಬಾಗಿಲನ್ನೂ ಇಡಿಸಿ.

ಹೊರಗೆ ಹೋಗುವ ನೀರನ್ನು ಶೌಚದ ಗುಂಡಿಗೆ ಸೇರಿಸಬೇಡಿ. ಮಳೆಗಾಲದಲ್ಲಿ ನೆಲ ನೀರು ಕುಡಿಯುವುದನ್ನೇ ನಿಲ್ಲಿಸಿರುತ್ತದೆ. ಒಂದೇ ಸಲಕ್ಕೆ 180 ಲೀಟರ್ ಬಿಟ್ಟರೆ ಗುಂಡಿ ಉಕ್ಕುತ್ತದೆ. ಬೇರೆ ಪೈಪಿನಲ್ಲಿ, ಬರೆ (ಕಡಿದಾದ ಮಣ್ಣಿನ ಇಳಿಜಾರು) ಕುಸಿಯುವ ಕಡೆ ಹೋಗದ ಹಾಗೆ, ಬಾಳೆಗಿಡಗಳ ಬುಡಕ್ಕೆ ಹರಿಸಿ.